ಡೇಟಾಬೇಸಿಗೆ ಎಷ್ಟು ಮೆಮೊರಿ ಕೊಡಬೇಕು?

ಸರ್ವರಿಗೆ 16 ಜಿಬಿ ರ‍್ಯಾಮ್ ಹಾಕಿಸಿದರೂ ಡೇಟಾಬೇಸ್ ತೆವಳುತ್ತಿದೆಯೆ? ಲಿನಕ್ಸ್ ಮೇಲೆ ಪೋಸ್ಟ್‌ಗ್ರೆಸ್ ಹಾಕಿ ಹಾಗೇ ಬಿಟ್ಟರೆ, ಅದು ತನ್ನ ಬಫರಿಗೆ ಇಟ್ಟುಕೊಳ್ಳುವುದು ಸಾಮಾನ್ಯವಾಗಿ 128 ಎಂಬಿ ಅಷ್ಟೆ. ಉಳಿದದ್ದನ್ನು ನಾವೇ ಲೆಕ್ಕ ಹಾಕಿ ಹಂಚಬೇಕು. ಇಲ್ಲಿ ಹೇಳುವ ಸೆಟ್ಟಿಂಗ್‌ಗಳ ಹೆಸರನ್ನು ಕಾನ್ಫಿಗರೇಶನ್ ಫೈಲಿನಲ್ಲಿ ಇಂಗ್ಲಿಷಿನಲ್ಲೇ, ಪದಗಳ ನಡುವೆ ಅಂಡರ್‌ಸ್ಕೋರ್ ಕೊಟ್ಟು ಬರೆಯಬೇಕು.

ಹಂತ 1: ಪ್ರೊಸೆಸರ್ ಯಾವುದು ನೋಡಿ

‘ಎಲ್‌ಎಸ್‌ಸಿಪಿಯು’ ಕಮಾಂಡ್ ಕೊಡಿ. ಹಳೆಯ 32 ಬಿಟ್ ಆಗಿದ್ದರೆ ಒಂದು ಪ್ರೊಸೆಸ್‌ಗೆ ಸಿಗುವ ವಿಳಾಸಗಳೇ 4 ಜಿಬಿಯಷ್ಟು. ಅದರಲ್ಲೂ 1 ಜಿಬಿ ಸಾಮಾನ್ಯವಾಗಿ ಕರ್ನಲ್ ಪಾಲು. ಪಿಎಇ ಎಂಬ ವಿಳಾಸ ವಿಸ್ತರಣೆಯ ಸೌಲಭ್ಯ ಇದ್ದರೆ ಮಷೀನಿಗೆ 64 ಜಿಬಿವರೆಗೆ ರ‍್ಯಾಮ್ ಹಾಕಬಹುದು ನಿಜ, ಆದರೆ ಪ್ರೊಸೆಸ್‌ನ ಮಿತಿ ಮಾತ್ರ ಬದಲಾಗದು. ಅಲ್ಲಿ ಬಫರ್ 1 ಜಿಬಿ ದಾಟದಿರಲಿ. 2003ರಲ್ಲಿ ಎಎಂಡಿ ಆಪ್ಟೆರಾನ್ ಬಂದಮೇಲೆ ಎಕ್ಸ್86 ಸರ್ವರುಗಳು 64 ಬಿಟ್‌ಗೆ ಹೊರಳಿದವು. ಆದರೂ 64 ಬಿಟ್ ಪ್ರೊಸೆಸರ್ ಮೇಲೆ 32 ಬಿಟ್ ಲಿನಕ್ಸ್ ಕೂತಿರುವುದುಂಟು. ಹಾಗಿದ್ದರೆ ಮೊದಲು ಅದನ್ನು ಬದಲಿಸಿ, ಮುಂದಿನ ಹಂತಗಳು ಆಮೇಲೆ.

ಹಂತ 2: ಶೇರ್ಡ್ ಬಫರ್ಸ್

64 ಬಿಟ್ ಮಷೀನಿನಲ್ಲಿ ರ‍್ಯಾಮ್‌ನ ಕಾಲುಭಾಗದಿಂದ ಶುರು ಮಾಡಿ: 16 ಜಿಬಿಗೆ 4 ಜಿಬಿ. ಉಳಿದದ್ದು ವ್ಯರ್ಥವಾಗದು. ಲಿನಕ್ಸ್ ತನ್ನ ಫೈಲ್ ಕ್ಯಾಶ್‌ಗೆ ಬಳಸಿಕೊಳ್ಳುತ್ತದೆ, ಅದರ ಲಾಭವೂ ಡೇಟಾಬೇಸಿಗೇ.

ಹಂತ 3: ವರ್ಕ್ ಮೆಮ್

ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿ. ಇದು ಇಡೀ ಸರ್ವರಿನ ಮಿತಿಯಲ್ಲ. ಪ್ರತಿ ಕನೆಕ್ಷನ್ನಿನ ಪ್ರತಿ ಸಾರ್ಟ್‌ಗೂ ಇಷ್ಟಿಷ್ಟು ಎಂದು ಲೆಕ್ಕ. 64 ಎಂಬಿ ಎಂದು ಬರೆದು 200 ಕನೆಕ್ಷನ್ ಒಟ್ಟಿಗೆ ಸಾರ್ಟ್ ಮಾಡಿದರೆ 12.8 ಜಿಬಿ ಬೇಕು. ರ‍್ಯಾಮ್ ಮುಗಿದಾಗ ಲಿನಕ್ಸ್ ಪ್ರೊಸೆಸ್‌ಗಳನ್ನೇ ಕೊಲ್ಲಲು ಶುರು ಮಾಡುತ್ತದೆ. ಮೊದಲಿಗಿರುವ 4 ಎಂಬಿಯಿಂದ ನಿಧಾನವಾಗಿ ಏರಿಸಿ.

ಹಂತ 4: ಹ್ಯೂಜ್ ಪೇಜಸ್

ಎಕ್ಸ್86ನಲ್ಲಿ ಮೆಮೊರಿಯ ಒಂದು ಪುಟ 4 ಕೆಬಿ. ಹಾಗಾದರೆ 4 ಜಿಬಿ ಬಫರಿಗೆ 10 ಲಕ್ಷಕ್ಕೂ ಹೆಚ್ಚು ಪುಟ. ಪುಟಕ್ಕೆ 8 ಬೈಟ್‌ನಂತೆ ಅವುಗಳ ಪಟ್ಟಿಯೇ 8 ಎಂಬಿ. ಪೋಸ್ಟ್‌ಗ್ರೆಸ್‌ನಲ್ಲಿ ಪ್ರತಿ ಕನೆಕ್ಷನ್ ಬೇರೆಯೇ ಪ್ರೊಸೆಸ್, ಪಟ್ಟಿಯೂ ಬೇರೆ. ಎಲ್ಲ 200 ಕನೆಕ್ಷನ್ನುಗಳೂ ಇಡೀ ಬಫರನ್ನು ಮುಟ್ಟಿದರೆ ಬರೀ ಪಟ್ಟಿಗೇ 1.6 ಜಿಬಿ! 2 ಎಂಬಿಯ ದೊಡ್ಡ ಪುಟ ಬಳಸಿದರೆ ಪಟ್ಟಿ ಕನೆಕ್ಷನ್ನಿಗೆ 16 ಕೆಬಿಗೆ ಇಳಿಯುತ್ತದೆ. 4 ಜಿಬಿಗೆ 2048 ಪುಟ ಸಾಲದು, ಸ್ವಲ್ಪ ಹೆಚ್ಚೇ ಕಾಯ್ದಿರಿಸಿ. ಬಳಿಕ ಪೋಸ್ಟ್‌ಗ್ರೆಸ್‌ನ ಹ್ಯೂಜ್ ಪೇಜಸ್ ಸೆಟ್ಟಿಂಗನ್ನು ‘ಟ್ರೈ’ಯಿಂದ ‘ಆನ್’ಗೆ ಬದಲಿಸಿ. ‘ಟ್ರೈ’ ಇದ್ದರೆ ಪುಟ ಸಾಲದಾದಾಗ ಸದ್ದಿಲ್ಲದೆ 4 ಕೆಬಿಗೆ ಮರಳುತ್ತದೆ. ‘ಆನ್’ ಇದ್ದರೆ ಸರ್ವರ್ ಏಳುವುದೇ ಇಲ್ಲ, ತಪ್ಪು ಅಲ್ಲೇ ಗೊತ್ತಾಗುತ್ತದೆ.

ಹಂತ 5: ಎರಡು ಸಾಕೆಟ್ ಇದ್ದರೆ

ಈಗಿನ ಸರ್ವರುಗಳಲ್ಲಿ ಪ್ರತಿ ಪ್ರೊಸೆಸರಿಗೂ ತನ್ನದೇ ರ‍್ಯಾಮ್ ಹತ್ತಿರ, ಪಕ್ಕದ್ದು ದೂರ. ಇದೇ ನ್ಯೂಮಾ. ಇದಕ್ಕೆ ಸಂಬಂಧಿಸಿದ ಲಿನಕ್ಸ್ ಸೆಟ್ಟಿಂಗ್ ‘ಝೋನ್ ರಿಕ್ಲೇಮ್ ಮೋಡ್’ ಸೊನ್ನೆ ಇದೆಯೇ ನೋಡಿದರೆ ಸದ್ಯಕ್ಕೆ ಸಾಕು.

ಹಂತ 6: ರೀಸ್ಟಾರ್ಟ್ ಮಾಡಿ ಗಮನಿಸಿ

ಕೆಲಸದ ಒತ್ತಡ ಹೆಚ್ಚಿರುವ ಹೊತ್ತಿನಲ್ಲೇ ‘ವಿಎಂಸ್ಟ್ಯಾಟ್’ ಓಡಿಸಿ. ಸ್ವಾಪ್‌ನ ‘ಎಸ್‌ಐ’, ‘ಎಸ್‌ಒ’ ಕಾಲಂಗಳು ಸೊನ್ನೆಯಲ್ಲೇ ನಿಂತರೆ ಸರಿ. ಏರುತ್ತಲೇ ಇದ್ದರೆ ಮೊದಲು ಇಳಿಸಬೇಕಾದದ್ದು ವರ್ಕ್ ಮೆಮ್.