ಓಟ ಕಲಿಸಿದ ಗುರು

ಅಕ್ಕಂದಿರೇ, ಕೋಡಿಂಬಾಳದಲ್ಲಿ ಶಾಲೆಯ ಹುಡುಗಿಯರು ಓಡುವುದನ್ನು ನೋಡಿದ್ದೀರಲ್ಲ? ಓಟಕ್ಕೂ ಗುರು ಬೇಕು.

ಪುರುಷೋತ್ತಮ ರೈ ಅಂಥ ಗುರು. 1974ರಲ್ಲಿ ಅವರು ಓಟ ಕಲಿಸಲು ಶುರು ಮಾಡಿದರು. ಕೊಡಗಿನ ಅಶ್ವಿನಿ ನಾಚಪ್ಪ ಅವರ ಶಿಷ್ಯೆ. ಅಶ್ವಿನಿ ದೇಶಕ್ಕಾಗಿ ಓಡಿದರು. 1988ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಪಿ.ಟಿ. ಉಷಾ ಗೊತ್ತಲ್ಲ? ಅವರನ್ನೂ ಅಶ್ವಿನಿ ಹಿಂದೆ ಹಾಕಿದ್ದುಂಟು! ಪ್ರಮೀಳಾ, ರೋಸಾ ಕುಟ್ಟಿ, ಶೈಲಾ ಹೀಗೆ ಎಷ್ಟೋ ಹುಡುಗಿಯರಿಗೆ ರೈ ಕಲಿಸಿದರು. 1987ರ ವಿಶ್ವ ಕೂಟಕ್ಕೆ ಹೋದ ಭಾರತ ತಂಡಕ್ಕೂ ತರಬೇತಿ ಕೊಟ್ಟರು.

ಗೆದ್ದವರ ಫೋಟೋ ಪೇಪರಿನಲ್ಲಿ ಬರ್ತದೆ. ಕಲಿಸಿದವರದ್ದು ಬರುವುದು ಕಡಿಮೆ.

2001ರಲ್ಲಿ ರೈ ನಿವೃತ್ತರಾದರು. 19 ವರ್ಷ ಕಳೆಯಿತು. 2020ರಲ್ಲಿ ಅವರಿಗೆ ದ್ರೋಣಾಚಾರ್ಯ ಪ್ರಶಸ್ತಿ ಬಂತು. ಆಟ ಕಲಿಸುವವರಿಗೆ ದೇಶ ಕೊಡುವ ದೊಡ್ಡ ಪ್ರಶಸ್ತಿ ಅದು. ಆಗ ಕೊರೊನಾ ಕಾಲ. ಬೆಂಗಳೂರಿನಲ್ಲೇ ಪ್ರಶಸ್ತಿ ಪಡೆಯಬೇಕಿತ್ತು. ಆಗಸ್ಟ್ 28ರಂದು ಅದರ ತಾಲೀಮು. ರೈ ಅದಕ್ಕೆ ಹೋಗಿದ್ದರು. ಅದೇ ದಿನ ಹೃದಯಾಘಾತವಾಗಿ ತೀರಿಹೋದರು. ಅವರಿಗೆ 79 ವರ್ಷ.

ಪ್ರಶಸ್ತಿ ಕೊಡುವ ದಿನ ಮರುದಿನವೇ ಇತ್ತು.

ಬರೆಯಿರಿ: ನಿಮ್ಮ ಕೈ ಹಿಡಿದು ಮೊದಲ ಅಕ್ಷರ ಬರೆಸಿದವರು ಯಾರು? ಅವರ ಹೆಸರು:
........................