ಕೋವಿಯ ಬಿಡಿಭಾಗಕ್ಕೆ ನೀಲಿ: ಕೆಲಸ ಕಲಿಸಿದ ಪಾಠಗಳು

ಕೈಲ್‌ಪೊಳ್ದ್ ಎಂಬ ಆಯುಧಪೂಜೆಯ ಹಬ್ಬ ಹತ್ತಿರವಾದಂತೆ ಕೊಡಗಿನ ಮನೆಗಳಲ್ಲಿ ಕೋವಿಗಳು ಗೋಡೆಯಿಂದ ಇಳಿಯುತ್ತವೆ. ಪೂಜೆಯ ದಿನ ನಳಿಗೆಯ ತುದಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸುವ ಮೊದಲು ಮಾಸಿದ ಸ್ಕ್ರೂ, ಟ್ರಿಗರ್ ಗಾರ್ಡ್‌ಗಳಿಗೆ ಮತ್ತೆ ನೀಲಿ ಹೊಳಪು ಬರಲಿ ಎಂದು ಆಸೆಪಡುವವರು ಬಹಳ. ಆ ಆಸೆ ನನಗೆ ಅರ್ಥವಾಗುತ್ತದೆ. ಅದಕ್ಕೇ ಈ ಕೆಲಸದಲ್ಲಿ ಕಲಿತದ್ದನ್ನು ಬರೆಯುತ್ತಿದ್ದೇನೆ.

1. ಬಣ್ಣ ಯಾವುದೆಂದು ಕೇಳುವ ಮೊದಲು ಆ ಭಾಗ ಏನು ಕೆಲಸ ಮಾಡುತ್ತದೆಂದು ಕೇಳಿ. ಕಾಯಿಸಿದ ಉಕ್ಕಿನ ನೀಲಿ ಬಳಿದ ಬಣ್ಣವಲ್ಲ. ಗಾಳಿಯ ಆಮ್ಲಜನಕ ಸೇರಿ ಮೈಮೇಲೆ ಅತಿ ತೆಳುವಾದ ಆಕ್ಸೈಡ್ ಪದರ ಕಟ್ಟುತ್ತದೆ. ಅದರ ದಪ್ಪ ಬದಲಾದಂತೆ ಕಣ್ಣಿಗೆ ಕಾಣುವ ಬಣ್ಣವೂ ಬದಲಾಗುತ್ತದೆ. ಸಾದಾ ಕಾರ್ಬನ್ ಉಕ್ಕಿನಲ್ಲಿ ಸುಮಾರು 230 ಡಿಗ್ರಿ ಸೆಲ್ಸಿಯಸ್‌ಗೆ ಒಣಹುಲ್ಲಿನ ಹಳದಿ, 260ರ ಆಸುಪಾಸು ಕಂದು, 280ಕ್ಕೆ ನೇರಳೆ, 300ಕ್ಕೆ ಕಡುನೀಲಿ. ಇನ್ನೂ ಕಾಯಿಸಿದರೆ ತಿಳಿನೀಲಿ, ಕೊನೆಗೆ ಬೂದು. ಶಾಖ ಏರಿದಂತೆ ಬಣ್ಣ ಮಾತ್ರವಲ್ಲ, ಉಕ್ಕಿನ ಹದವೂ ಇಳಿಯುತ್ತಾ ಹೋಗುತ್ತದೆ. ಹ್ಯಾಮರನ್ನು ಹಿಡಿದಿಡುವ ಸಿಯರ್‌ನ ತುದಿ, ಹ್ಯಾಮರ್‌ನ ಕಚ್ಚು ಗಟ್ಟಿಯಾಗಿರಲೇಬೇಕು. ಕಡಿಮೆ ಶಾಖದಲ್ಲಿ ಹದ ಕಟ್ಟಿದ ಅಂಥ ಭಾಗವನ್ನು ನೀಲಿಯಾಗುವ ತನಕ ಕಾಯಿಸಿದರೆ ಅದು ಮೆತ್ತಗಾಗುತ್ತದೆ, ಕಚ್ಚು ಬೇಗ ಸವೆಯುತ್ತದೆ, ಯಾರೂ ಟ್ರಿಗರ್ ಎಳೆಯದೆಯೇ ಕೋವಿ ಹಾರುವ ಸ್ಥಿತಿ ಬರಬಹುದು. ಚೆಂದಕ್ಕಾಗಿ ಒಬ್ಬರ ಜೀವವನ್ನು ಪಣಕ್ಕಿಡಲಾಗದು. ಬೀಗದೊಳಗಿನ, ಅಂದರೆ ಕೋವಿ ಹಾರಿಸುವ ಕಟ್ಟಿನೊಳಗಿನ, ಯಾವ ಭಾಗಕ್ಕೂ ನಾನು ಶಾಖದ ನೀಲಿ ಕೊಡುವುದಿಲ್ಲ. ಸ್ಪ್ರಿಂಗಿನ ಹದ ನೀಲಿಯ ಆಸುಪಾಸಿನಲ್ಲೇ ಇರುತ್ತದೆಂದು ಕೆಲವರು ಧೈರ್ಯ ಮಾಡುತ್ತಾರೆ. ನಾನು ಅದನ್ನೂ ಬಿಡುತ್ತೇನೆ. ಹೊರಗಿನ ಸ್ಕ್ರೂಗಳ ತಲೆ ನೀಲಿಯಾದರೆ ಸಾಕು, ನೋಟಕ್ಕೆ ಅದೇ ಬಹಳ.

2. ನೀಲಿ ಗೀರನ್ನು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ. 400, 600, 800 ಎಂದು ಎಮರಿ ಕಾಗದವನ್ನು ನುಣುಪಾಗಿಸುತ್ತಾ ಒಂದೇ ದಿಕ್ಕಿನಲ್ಲಿ ಉಜ್ಜಬೇಕು. ಕಾಗದದ ಹಿಂದೆ ಗಟ್ಟಿಯಾದ ಪಟ್ಟಿ ಇರಲಿ. ಬರಿ ಬೆರಳಲ್ಲಿ ಉಜ್ಜಿದರೆ ಸ್ಕ್ರೂ ತಲೆಯ ಅಂಚು ದುಂಡಾಗುತ್ತದೆ. ಅಂಚು ಹೋದ ಸ್ಕ್ರೂಗೆ ಎಂಥ ನೀಲಿಯೂ ಕಳೆ ಕೊಡದು.

3. ಜಿಡ್ಡು ತೆಗೆಯಿರಿ. ಅಸಿಟೋನ್‌ನಲ್ಲಿ ತೊಳೆದ ಮೇಲೆ ಬರಿಗೈ ತಗಲಕೂಡದು; ಬೆರಳಚ್ಚು ಕಲೆಯಾಗಿ ನಿಲ್ಲುತ್ತದೆ.

4. ಸಣ್ಣ ಭಾಗಕ್ಕೆ ನೇರ ಜ್ವಾಲೆ ಬೇಡ. ತೆಳು ಅಂಚು ಮೊದಲು ಕಾದು ಬೂದಾಗುತ್ತದೆ, ನಡುಭಾಗ ಇನ್ನೂ ಹಳದಿಯಲ್ಲೇ ಇರುತ್ತದೆ. ತಟ್ಟೆಯಲ್ಲಿ ಹಿತ್ತಾಳೆಯ ಅರದ ಪುಡಿ ಹಾಕಿ, ಸ್ಕ್ರೂವಿನ ತಲೆ ಮೇಲಿರುವಂತೆ ನೆಟ್ಟು, ಕೆಳಗಿನಿಂದ ನಿಧಾನವಾಗಿ ಕಾಯಿಸಿ. ನೇರಳೆ ನೀಲಿಗೆ ತಿರುಗುವ ಗಳಿಗೆ ಬಹಳ ಚಿಕ್ಕದು, ಕಣ್ಣು ಕದಲಿಸಬಾರದು. ಬೇಕಾದ ಬಣ್ಣ ಬಂದೊಡನೆ ಇಕ್ಕಳದಿಂದ ಎತ್ತಿ ತಣಿಸಿ. ಬಣ್ಣ ಮೀರಿದರೆ ಮತ್ತೆ ಉಜ್ಜುವುದರಿಂದಲೇ ಆರಂಭ.

5. ಕರಗಿಸಿದ ಪೊಟ್ಯಾಸಿಯಂ ನೈಟ್ರೇಟಿನಲ್ಲಿ ಅದ್ದಿ ತೆಗೆದ ನವಿಲುನೀಲಿ ಮನಸ್ಸು ಸೆಳೆಯುವಂಥದ್ದು. ಆ ಉಪ್ಪು ಕರಗುವುದೇ 334 ಡಿಗ್ರಿಗೆ. ಸೋಡಿಯಂ ನೈಟ್ರೇಟ್ ಬೆರೆಸಿದರೆ ಇನ್ನೂ ಕಡಿಮೆ ಶಾಖಕ್ಕೆ ಕರಗುತ್ತದೆ. ಒದ್ದೆ ಸ್ಕ್ರೂ ಅದರೊಳಗೆ ಇಳಿದರೆ ನೀರು ಆ ಕ್ಷಣವೇ ಆವಿಯಾಗಿ ಕಾದ ಉಪ್ಪನ್ನು ಮುಖಕ್ಕೆ ಎರಚುತ್ತದೆ. ಎಣ್ಣೆ, ಹತ್ತಿ, ಮರದ ಹೊಟ್ಟು ಬಿದ್ದರೆ ಬೆಂಕಿ. ಮುಖಗವಚ, ಚರ್ಮದ ಕೈಗವಸು ಇಲ್ಲದವರು ಇದರ ಹತ್ತಿರ ಹೋಗಲೇಬಾರದು.

6. ಕಾರ್ಖಾನೆಗಳ ಕಪ್ಪು-ನೀಲಿ ಬರುವುದು ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ದ್ರಾವಣದಿಂದ, ಸುಮಾರು 140 ಡಿಗ್ರಿಯಲ್ಲಿ. ಈ ಶಾಖಕ್ಕೆ ಉಕ್ಕಿನ ಹದ ಕೆಡುವುದಿಲ್ಲ. ಆದರೆ ಅದು ಅಲ್ಯೂಮಿನಿಯಂ ಭಾಗವನ್ನು ತಿನ್ನುತ್ತದೆ, ಮೆತು ಬೆಸುಗೆಯನ್ನೂ ತಿನ್ನುತ್ತದೆ. ನಮ್ಮ ಕಡೆಯ ಹಳೆಯ ಜೋಡುನಳಿಗೆಗಳಲ್ಲಿ ಎಷ್ಟೋ ಬೆಸುಗೆಯಿಂದಲೇ ನಿಂತಿರುವಂಥವು. ಅವುಗಳಿಗೆ ಅಂಟಿದ ಸಣ್ಣ ಭಾಗವನ್ನೂ ಈ ತೊಟ್ಟಿಗೆ ಇಳಿಸಬೇಡಿ.

7. ಅಂಥ ಬೆಸುಗೆಯ ಕೋವಿಗಳಿಗೆ ತುಕ್ಕಿನ ನೀಲಿಯೇ ಸರಿ. ತೆಳುವಾಗಿ ತುಕ್ಕು ಹಿಡಿಸಿ ಶುದ್ಧ ನೀರಲ್ಲಿ ಕುದಿಸಿದರೆ ಕೆಂಪು ತುಕ್ಕು ಕಪ್ಪು ಆಕ್ಸೈಡಾಗುತ್ತದೆ. ಜಿಡ್ಡಿಲ್ಲದ ನುಣುಪು ಉಕ್ಕಿನ ನಾರಿನಿಂದ ಮೃದುವಾಗಿ ಉಜ್ಜಿ ಮತ್ತೆ ಮತ್ತೆ ಅದನ್ನೇ ಮಾಡಬೇಕು. ಕೋವಿಗೆ ವೈರಿಯಾದ ಮಡಿಕೇರಿಯ ಮಳೆಗಾಲದ ಗಾಳಿ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ದಿನಗಳು ಹಿಡಿಯುತ್ತವೆ, ನಿಜ. ಆದರೂ ನನ್ನ ಮಟ್ಟಿಗೆ ಇದಕ್ಕೆ ಸಮನಾದ ಬಣ್ಣ ಇನ್ನೊಂದಿಲ್ಲ.

8. ಬಾಟಲಿಯ ತಣ್ಣನೆಯ ನೀಲಿ ಬಣ್ಣ ಹೋದ ಜಾಗವನ್ನು ತಿದ್ದಲು ಆದೀತು, ಬಾಳಿಕೆ ಬಾರದು. ಹೆಚ್ಚಿನವುಗಳಲ್ಲಿ ಸೆಲೆನಿಯಂ ಸಂಯುಕ್ತವಿದೆ, ಅದು ವಿಷ. ಕೈಗವಸು ಹಾಕಿ, ಕಿಟಕಿ ತೆರೆದಿಡಿ.

9. ಯಾವ ನೀಲಿಯೂ ತಾನಾಗಿ ತುಕ್ಕು ತಡೆಯದು. ಶಾಖದ್ದಂತೂ ಬಹಳ ತೆಳು. ಕೆಲಸ ಮುಗಿದೊಡನೆ ಎಣ್ಣೆ ಹಚ್ಚಿ, ಮಳೆಗಾಲದಲ್ಲಿ ಆಗಾಗ ಒರೆಸಿ ಮತ್ತೆ ಹಚ್ಚಿ.

10. ಕೋವಿಯ ಮೇಲಿನ ನಂಬರು, ಗುರುತುಗಳ ಹತ್ತಿರ ಎಮರಿ ಒಯ್ಯಬೇಡಿ. ಅವನ್ನು ಅಳಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಲೈಸೆನ್ಸಿನಿಂದ ವಿನಾಯಿತಿ ಇದೆ, ನಿಜ. ಕೋವಿ ರಿಪೇರಿ ಮಾಡುವವನಿಗೆ ಮಾತ್ರ ಲೈಸೆನ್ಸ್ ಬೇಕೇ ಬೇಕು. ಅಜ್ಜನ ಕಾಲದ ಕೋವಿಯನ್ನು ಯಾರ ಕೈಗಾದರೂ ಕೊಡುವ ಮೊದಲು ಆ ಲೈಸೆನ್ಸನ್ನು ಕೇಳಿ ನೋಡಿ.