ಗಡ್ಡೆ ತೆಗೆದ ಮೇಲೂ ಮಿದುಳಿನಲ್ಲಿ ನೀರು ನಿಲ್ಲುವ ಮಕ್ಕಳು: ಗ್ರಾಮ ಪಂಚಾಯಿತಿ ಸದಸ್ಯರಿಗೆ ಆರೋಗ್ಯ ಪಾಠ

ಮಗುವಿನ ಮಿದುಳಿನ ಗಡ್ಡೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದು, ಹೊಲಿಗೆ ಬಿಚ್ಚಿ ಊರಿಗೆ ಕಳುಹಿಸಿದೊಡನೆ ಅಪಾಯ ಕಳೆಯಿತೆಂದು ಮನೆಯವರೂ ನೆರೆಹೊರೆಯವರೂ ಭಾವಿಸುವುದು ಸಹಜ. ಆದರೆ ಇಂತಹ ಮಕ್ಕಳಲ್ಲಿ ಕೆಲವರಿಗೆ ಗಡ್ಡೆ ಹೋದ ನಂತರವೂ ಮಿದುಳಿನೊಳಗೆ ದ್ರವ ಸೇರಿಕೊಳ್ಳುವ ತೊಂದರೆ ಉಳಿಯುತ್ತದೆ ಅಥವಾ ಹೊಸದಾಗಿ ತಲೆದೋರುತ್ತದೆ. ವೈದ್ಯರು ಇದನ್ನು ಹೈಡ್ರೊಸೆಫಲಸ್ ಎನ್ನುತ್ತಾರೆ. ಜನರ ಮಾತಿನಲ್ಲಿ ಇದು ‘ತಲೆಯಲ್ಲಿ ನೀರು ತುಂಬುವುದು’. ಶಸ್ತ್ರಚಿಕಿತ್ಸೆ ನಡೆಯುವುದು ನಗರದ ಆಸ್ಪತ್ರೆಯಲ್ಲಿ. ನಂತರದ ಅಪಾಯವನ್ನು ಮೊದಲು ಕಾಣಬೇಕಾದವರು ಗ್ರಾಮದಲ್ಲಿರುವವರು. ಆದುದರಿಂದ ಸದಸ್ಯರು ಈ ವಿಷಯವನ್ನು ಅರಿತಿರುವುದು ಅವಶ್ಯಕ.

ಮಿದುಳಿನೊಳಗೆ ನಾಲ್ಕು ಕುಹರಗಳಿವೆ. ಅವುಗಳಲ್ಲಿ ತಿಳಿನೀರಿನಂತಹ ದ್ರವವು ಹಗಲಿರುಳು ಉತ್ಪತ್ತಿಯಾಗುತ್ತಿರುತ್ತದೆ. ವಯಸ್ಕರಲ್ಲಿ ಇದರ ಪ್ರಮಾಣ ದಿನಕ್ಕೆ ಸುಮಾರು 500 ಮಿಲಿಲೀಟರ್; ಆದರೆ ಯಾವುದೇ ಸಮಯದಲ್ಲಿ ಮಿದುಳು ಮತ್ತು ಬೆನ್ನುಹುರಿಯ ಸುತ್ತ ಇರುವುದು ಸುಮಾರು 150 ಮಿಲಿಲೀಟರ್ ಮಾತ್ರ. ಉಳಿದದ್ದು ಹರಿದು ರಕ್ತಕ್ಕೆ ಸೇರುತ್ತಿರಬೇಕು. ಒಳಹರಿವು ನಿಲ್ಲದೆ ತೂಬೂ ಕೋಡಿಯೂ ಮುಚ್ಚಿಹೋದ ಕೆರೆಯಲ್ಲಿ ಏನಾಗುವುದೆಂಬುದನ್ನು ಸದಸ್ಯರಿಗೆ ವಿವರಿಸಬೇಕಾಗಿಲ್ಲ. ತಲೆಬುರುಡೆಗೆ ಹಿಗ್ಗಲು ಎಡೆಯಿಲ್ಲದ ಕಾರಣ ಒತ್ತಡವು ಮಿದುಳಿನ ಮೇಲೆಯೇ ಬೀಳುತ್ತದೆ.

ಮಕ್ಕಳ ಮಿದುಳಿನ ಗಡ್ಡೆಗಳಲ್ಲಿ ಬಹಳಷ್ಟು ತಲೆಯ ಹಿಂಭಾಗದ ಕೆಳಗೆ, ಕಿರುಮಿದುಳಿನ ಬಳಿ ಬೆಳೆಯುತ್ತವೆ. ಮೆಡುಲ್ಲೊಬ್ಲಾಸ್ಟೊಮಾ ಎಂಬುದು ಅಂತಹ ಒಂದು ಗಡ್ಡೆ. ದ್ರವ ಹೊರಹರಿಯುವ ನಾಲ್ಕನೆಯ ಕುಹರ ಅಲ್ಲಿಯೇ ಇರುವುದರಿಂದ, ರೋಗ ಪತ್ತೆಯಾಗುವ ಹೊತ್ತಿಗೇ ಹೆಚ್ಚಿನ ಮಕ್ಕಳ ತಲೆಯಲ್ಲಿ ನೀರು ತುಂಬಿರುತ್ತದೆ. ಗಡ್ಡೆ ತೆಗೆದಾಗ ಬಹುತೇಕರಲ್ಲಿ ದಾರಿ ತೆರೆದುಕೊಳ್ಳುತ್ತದೆ. ಸ್ಥೂಲವಾಗಿ ಮೂರು-ನಾಲ್ಕು ಮಕ್ಕಳಲ್ಲಿ ಒಬ್ಬರಿಗೆ ಮಾತ್ರ ಮತ್ತೊಂದು ಚಿಕಿತ್ಸೆ ಬೇಕಾಗುತ್ತದೆ. ಶಸ್ತ್ರಚಿಕಿತ್ಸೆಯ ವೇಳೆ ಒಸರಿದ ರಕ್ತ ದ್ರವ ಹೀರುವ ಪದರವನ್ನು ಕಟ್ಟಿಬಿಡಬಹುದು. ಗಾಯ ಮಾಗುವಾಗ ದಾರಿ ಅಂಟಿಕೊಳ್ಳಬಹುದು. ಗಡ್ಡೆಯ ಅಂಶ ಉಳಿದಿರಬಹುದು. ಎರಡು ವರ್ಷದೊಳಗಿನ ಮಕ್ಕಳಿಗೂ, ಮೊದಲೇ ಕುಹರಗಳು ಬಹಳ ಹಿಗ್ಗಿದ್ದವರಿಗೂ ಈ ಸಂಭವ ಹೆಚ್ಚು.

ಎರಡನೆಯ ಶಸ್ತ್ರಚಿಕಿತ್ಸೆ ಎಂದೊಡನೆ ‘ಮೊದಲನೆಯದು ಕೆಟ್ಟಿತು’ ಎಂಬ ಮಾತು ಊರಿನಲ್ಲಿ ಹರಡುವುದುಂಟು. ಇದು ತಪ್ಪು ಮಾತ್ರವಲ್ಲ, ಅಪಾಯಕಾರಿ ಮಾತು. ಎಲ್ಲ ಮಕ್ಕಳಿಗೂ ಶಾಶ್ವತ ನಳಿಕೆ ಬೇಕಾಗದ ಕಾರಣ, ವೈದ್ಯರು ಮೊದಲು ಗಡ್ಡೆ ತೆಗೆದು ಕಾದು ನೋಡುವುದೇ ರೂಢಿ. ಊರಿನ ಮಾತಿಗೆ ಹೆದರಿ ಮನೆಯವರು ಆಸ್ಪತ್ರೆಗೆ ಹೋಗುವುದನ್ನು ಬಿಟ್ಟರೆ ವಿಕಿರಣ ಚಿಕಿತ್ಸೆಯೂ ತಪ್ಪುತ್ತದೆ. ಮೆಡುಲ್ಲೊಬ್ಲಾಸ್ಟೊಮಾ ಇದ್ದ, ಮೂರು ವರ್ಷ ಮೀರಿದ ಮಕ್ಕಳಿಗೆ ಆ ಚಿಕಿತ್ಸೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ನಂತರ 4ರಿಂದ 6 ವಾರಗಳೊಳಗೆ ಆರಂಭವಾಗಬೇಕು.

ಆಸ್ಪತ್ರೆಯಲ್ಲಿರುವಾಗ ಕೆಲವು ದಿನಗಳ ಮಟ್ಟಿಗೆ ದ್ರವವನ್ನು ಹೊರಗಿನ ಚೀಲಕ್ಕೆ ಹರಿಸುವುದುಂಟು. ಶಾಶ್ವತ ಮಾರ್ಗಗಳು ಮುಖ್ಯವಾಗಿ ಎರಡು. ದಾರಿ ಕಟ್ಟಿದ್ದು ಹೀರುವ ಶಕ್ತಿ ಸರಿಯಿದ್ದರೆ, ದುರ್ಬೀನಿನ ಸಹಾಯದಿಂದ ಮೂರನೆಯ ಕುಹರದ ತಳದಲ್ಲಿ ರಂಧ್ರ ಮಾಡಿ ದ್ರವಕ್ಕೆ ಬೇರೆ ದಾರಿ ಕೊಡಬಹುದು. ಆಗ ದೇಹದೊಳಗೆ ಯಾವ ಸಾಧನವೂ ಉಳಿಯುವುದಿಲ್ಲ. ಇನ್ನೊಂದು ಶಂಟ್. ಕುಹರದಿಂದ ಹೊರಟ ಸಣ್ಣ ನಳಿಕೆಯೊಂದು ಚರ್ಮದಡಿಯಲ್ಲಿ ಕತ್ತು, ಎದೆಗಳ ಮೂಲಕ ಹಾದು ಹೊಟ್ಟೆಯನ್ನು ಸೇರುತ್ತದೆ. ನಡುವೆ ಒತ್ತಡಕ್ಕೆ ತಕ್ಕಂತೆ ತೆರೆಯುವ ವಾಲ್ವ್ ಇರುತ್ತದೆ. ಅಗ್ಗದ ಶಂಟ್ ಕಳಪೆಯಿರಬಹುದೆಂದು ಶಂಕಿಸಿ ಸಾಲ ಮಾಡಿ ವಿದೇಶಿ ಶಂಟ್ ಕೊಳ್ಳಲು ಹೊರಡುವ ತಂದೆತಾಯಿಗಳಿಗೆ ಒಂದು ಸಂಗತಿ ತಿಳಿಸಬಹುದು. ಭಾರತದಲ್ಲಿ ತಯಾರಾಗುವ ಛಾಬ್ರಾ ಶಂಟನ್ನು ದುಬಾರಿ ವಿದೇಶಿ ಶಂಟಿನೊಂದಿಗೆ ಉಗಾಂಡಾ ದೇಶದಲ್ಲಿ 195 ಮಕ್ಕಳಲ್ಲಿ ಹೋಲಿಸಿ ನೋಡಲಾಯಿತು. 2005ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಒಂದು ವರ್ಷದ ಫಲಿತಾಂಶದಲ್ಲಿ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ.

ಯಾವ ಶಂಟ್ ಆದರೂ ಕಟ್ಟಿಕೊಳ್ಳಬಹುದು. ಮಕ್ಕಳಲ್ಲಿ ಸುಮಾರು ಮೂರನೆಯ ಒಂದು ಭಾಗ ಅಥವಾ ಅದಕ್ಕೂ ಹೆಚ್ಚಿನ ಶಂಟುಗಳು ಮೊದಲ ವರ್ಷದಲ್ಲಿಯೇ ಕೆಡುತ್ತವೆ. ದುರ್ಬೀನಿನಿಂದ ಮಾಡಿದ ರಂಧ್ರವೂ ಮುಚ್ಚಿಕೊಳ್ಳಬಹುದು. ಅದು ಹೆಚ್ಚಾಗಿ ಮೊದಲ ಆರು ತಿಂಗಳಲ್ಲಿ, ಅಪರೂಪವಾಗಿ ವರ್ಷಗಳ ನಂತರ ಹಠಾತ್ತನೆ. ಆಗ ಕಾಣುವ ಲಕ್ಷಣಗಳು ಸಾಧಾರಣ ಕಾಯಿಲೆಯಂತೆಯೇ ತೋರುತ್ತವೆ, ಕಷ್ಟವಿರುವುದೇ ಇಲ್ಲಿ. ಬೆಳಗ್ಗೆ ಏಳುವಾಗ ತಲೆನೋವು, ವಾಂತಿ, ಮಂಪರು, ಒಂದು ವಸ್ತು ಎರಡಾಗಿ ಕಾಣುವುದು, ನಡಿಗೆ ತಡವರಿಸುವುದು. ಕೂಸುಗಳಲ್ಲಿ ನೆತ್ತಿ ಉಬ್ಬುತ್ತದೆ, ತಲೆ ಬೇಗ ದೊಡ್ಡದಾಗುತ್ತದೆ, ಕಣ್ಣುಗುಡ್ಡೆಗಳು ಕೆಳಕ್ಕೆ ಸರಿಯುತ್ತವೆ. ಜ್ವರ, ನಳಿಕೆಯ ಉದ್ದಕ್ಕೂ ಕೆಂಪು, ಗಾಯದಿಂದ ತಿಳಿನೀರು ಸೋರಿಕೆ ಇವು ಸೋಂಕಿನ ಸೂಚನೆ ಆಗಿರಬಹುದು. ಶಂಟ್ ಇರುವ ಮಗು ವಾಂತಿ ಮಾಡಿದಾಗ ಅಜೀರ್ಣವೆಂದು ಚುಚ್ಚುಮದ್ದು ಕೊಡಿಸಿ ಮಲಗಿಸುವುದು ಅತ್ಯಂತ ಅಪಾಯಕರ. ಮಂಪರು ಹೆಚ್ಚಿದರೆ ಕೆಲವು ಗಂಟೆಗಳಲ್ಲಿ ಉಸಿರಾಟವೇ ನಿಲ್ಲಬಹುದು, ಬದುಕಿದರೂ ದೃಷ್ಟಿ ಹೋಗಬಹುದು. ಮಂಪರಿನಲ್ಲಿರುವ ಮಗುವಿನ ಬಾಯಿಗೆ ನೀರು, ಆಹಾರ ಹಾಕಬಾರದು. ವಾಲ್ವನ್ನು ಒತ್ತಿ ನೋಡಬಾರದು. 108ಕ್ಕೆ ಕರೆಮಾಡಿ ‘ಮಗುವಿಗೆ ಶಂಟ್ ಇದೆ’ ಎಂಬ ಮಾತನ್ನು ಮೊದಲು ಹೇಳಬೇಕು. ಸಿ.ಟಿ. ಸ್ಕ್ಯಾನ್ ಮತ್ತು ನರಶಸ್ತ್ರಚಿಕಿತ್ಸಕರು ಇರುವ ಆಸ್ಪತ್ರೆಯನ್ನೇ ಕೇಳಬೇಕು.

ಪಂಚಾಯಿತಿಯು ಇಲ್ಲಿ ಮಾಡಬಹುದಾದ ಕೆಲಸ ಚಿಕ್ಕದಲ್ಲ. ವ್ಯಾಪ್ತಿಯಲ್ಲಿ ಇಂತಹ ಮಗು ಇರುವುದು ಆಶಾ ಕಾರ್ಯಕರ್ತೆಗೆ, ಅಂಗನವಾಡಿಗೆ ಅಥವಾ ಶಾಲೆಗೆ ತಿಳಿದಿದೆಯೇ ಎಂದು ವಿಚಾರಿಸತಕ್ಕದ್ದು. ಮಗುವಿನ ಹೆಸರನ್ನು ಗ್ರಾಮಸಭೆಯಲ್ಲಿ ಓದುವ ಅಗತ್ಯವಿಲ್ಲ, ಓದಲೂಬಾರದು. ಬಿ.ಪಿ.ಎಲ್. ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ನೆರವು ಇದ್ದು, ಕಾರ್ಡು ತುರ್ತು ಬರುವ ಮುನ್ನವೇ ಸಿದ್ಧವಿರಬೇಕು. ದೃಷ್ಟಿ, ನಡಿಗೆ ಅಥವಾ ಕಲಿಕೆಯಲ್ಲಿ ಕೊರತೆ ಉಳಿದಿದ್ದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಮೂಲಕ ವಿಶಿಷ್ಟ ಗುರುತಿನ ಚೀಟಿಗೆ ಅರ್ಜಿ ಹಾಕಿಸಬಹುದು. ಆಸ್ಪತ್ರೆಯ ಬಿಡುಗಡೆ ಪತ್ರ, ಕೊನೆಯ ಸ್ಕ್ಯಾನಿನ ಚಿತ್ರ, ಶಸ್ತ್ರಚಿಕಿತ್ಸೆ ಮಾಡಿದ ವಿಭಾಗದ ದೂರವಾಣಿ ಸಂಖ್ಯೆ ಈ ಮೂರೂ ಒಂದೇ ಚೀಲದಲ್ಲಿ, ಮನೆಯವರೆಲ್ಲರಿಗೂ ತಿಳಿದ ಜಾಗದಲ್ಲಿ ಇರುವಂತೆ ಆಶಾ ಕಾರ್ಯಕರ್ತೆಯು ಮನೆಭೇಟಿಯಲ್ಲಿ ನೋಡಿಕೊಳ್ಳುವುದು.